ಪಣಕ್ಕಿಟ್ಟ ಪೇಟೆ

ಬೆಳಗಿನ ಕಾಫಿಗೆ ಹಾಲು ಬೇಕಿತ್ತು. ಡೆಡ್‌ವುಡ್‌ನ ಮೇನ್ ಸ್ಟ್ರೀಟನ್ನು ಈ ತುದಿಯಿಂದ ಆ ತುದಿಯವರೆಗೆ ನಡೆದು ಮುಗಿಸಿದೆ. ಇಟ್ಟಿಗೆ ಹಾಸಿದ ರಸ್ತೆ, ಎರಡೂ ಬದಿಗೆ ನೂರು ವರ್ಷ ದಾಟಿದ ಕಟ್ಟಡಗಳು, ಅವುಗಳ ಬೆನ್ನಿಗೇ ಎದ್ದು ನಿಂತ ಪೈನ್ ಮರದ ಗುಡ್ಡಗಳು. ಅಷ್ಟು ಹೊತ್ತಿಗಾಗಲೇ ಒಂದರ ಪಕ್ಕ ಒಂದು ಕ್ಯಾಸಿನೊ ಬಾಗಿಲು ತೆರೆದು ಕೂತಿತ್ತು. ಟೀ ಶರ್ಟಿನ ಅಂಗಡಿ ಸಿಕ್ಕಿತು, ಆಭರಣದ ಅಂಗಡಿ ಸಿಕ್ಕಿತು, ಹಾಲು ಮಾತ್ರ ಸಿಗಲಿಲ್ಲ. ಹೋಟೆಲಿನ ಕೌಂಟರಿನಲ್ಲಿ ಕೂತಿದ್ದ ಹಿರಿಯ ಹೆಂಗಸನ್ನು ಕೇಳಿದೆ. ಹೆದ್ದಾರಿಯ ಬದಿಯ ಪೆಟ್ರೋಲ್ ಬಂಕಿನಲ್ಲಿ ನೋಡಿ ಎಂದರು. ಹಾಗಾದರೆ ನಿಮ್ಮ ಮನೆಗೆ ದಿನಸಿ ಎಲ್ಲಿಂದ ತರುತ್ತೀರಿ ಎಂದು ಕೇಳಿದ್ದಕ್ಕೆ, ಕಾರು ಹತ್ತಿ ಬೇರೆ ಊರಿಗೆ ಹೋಗುತ್ತೇವೆ ಎಂದು ಸಹಜವಾಗಿ ಹೇಳಿದರು.

ಅಮೆರಿಕದ ದಕ್ಷಿಣ ಡಕೋಟಾ ರಾಜ್ಯದ ಬ್ಲ್ಯಾಕ್ ಹಿಲ್ಸ್ ಬೆಟ್ಟಸಾಲಿನಲ್ಲಿ, ಕಿರಿದಾದ ಕಣಿವೆಯೊಂದರೊಳಗೆ ಸಿಕ್ಕಿಸಿಟ್ಟಂತಿರುವ ಊರು ಡೆಡ್‌ವುಡ್. ಸಮುದ್ರಮಟ್ಟದಿಂದ ಸುಮಾರು 1,380 ಮೀಟರ್ ಎತ್ತರ. ಸತ್ತುಬಿದ್ದ ಹಳೆಯ ಪೇಟೆಯೊಂದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ್ದಕ್ಕೆ ಈ ಊರಿನ ಹೆಸರು ಅಮೆರಿಕದಲ್ಲಿ ಮತ್ತೆ ಮತ್ತೆ ಬರುತ್ತದೆ. ನಾನು ಹುಡುಕಿಕೊಂಡು ಹೋದ ಕಾರಣ ಬೇರೆ. ನಾನು ಬೆಳೆದದ್ದು ಕೆಜಿಎಫ್ ಪಕ್ಕದಲ್ಲಿ. ಡೆಡ್‌ವುಡ್‌ಗೆ ಅಂಟಿಕೊಂಡಂತಿರುವ ಲೀಡ್ ಎಂಬ ಊರಿನಲ್ಲಿದ್ದ ಹೋಮ್‌ಸ್ಟೇಕ್ ಚಿನ್ನದ ಗಣಿಯೂ ನಮ್ಮ ಗಣಿಯೂ ಒಂದೇ ತಾಯಿಯ ಮಕ್ಕಳಂತೆ ಬದುಕಿ ಒಂದೇ ವರ್ಷ ಕಣ್ಣುಮುಚ್ಚಿದವು. ಎರಡರ ಆಳದಲ್ಲೂ 1960ರ ದಶಕದಲ್ಲಿ ವಿಜ್ಞಾನಿಗಳು ನ್ಯೂಟ್ರಿನೊ ಎಂಬ ಹಿಡಿತಕ್ಕೆ ಸಿಗದ ಕಣವನ್ನು ಕಾದು ಕೂತಿದ್ದರು. ಹೋಮ್‌ಸ್ಟೇಕ್‌ನಲ್ಲಿ ಕಾದ ರೇ ಡೇವಿಸ್ ಅವರಿಗೆ 2002ರಲ್ಲಿ ನೊಬೆಲ್ ಬಂತು. 2001ರ ಫೆಬ್ರುವರಿ ಕೊನೆಗೆ ಕೆಜಿಎಫ್ ಗಣಿಯ ಕೆಲಸ ನಿಂತಿತು. ಅದೇ ವರ್ಷದ ಕೊನೆಗೆ ಹೋಮ್‌ಸ್ಟೇಕ್‌ನಲ್ಲೂ ಅದಿರು ಎತ್ತುವುದು ನಿಂತಿತು. ಆಮೇಲೆ ನಮ್ಮವರು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೊರಟರು. ಆ ಬೆಟ್ಟದವರು ಏನು ಮಾಡಿದರು ಎಂದು ನೋಡಬೇಕಿತ್ತು.

ಅವರು ಗಣಿ ಮುಚ್ಚುವುದಕ್ಕೆ ಹನ್ನೆರಡು ವರ್ಷ ಮೊದಲೇ ತಮ್ಮ ದಾರಿ ಹುಡುಕಿಕೊಂಡಿದ್ದರು. ಅದು ಜೂಜಿನ ದಾರಿ.

ಹುಟ್ಟಿನಿಂದಲೇ ಈ ಊರಿಗೂ ಜೂಜಿಗೂ ನಂಟು. 1876ರಲ್ಲಿ ಚಿನ್ನದ ವಾಸನೆ ಹಿಡಿದು ಜನ ಈ ಕಣಿವೆಗೆ ನುಗ್ಗಿದರು. ಒಣಗಿ ನಿಂತ ಮರಗಳಿಂದಾಗಿ ಕಣಿವೆಗೆ ಬಂದ ಹೆಸರೇ ಊರಿಗೂ ಅಂಟಿತು. ಅದೇ ವರ್ಷ ಆಗಸ್ಟ್ 2ರಂದು ವೈಲ್ಡ್ ಬಿಲ್ ಹಿಕಾಕ್ ಎಂಬ ಪ್ರಸಿದ್ಧ ಬಂದೂಕುಗಾರ ಇಸ್ಪೀಟು ಆಡುತ್ತಾ ಕೂತಿದ್ದಾಗ ಹಿಂದಿನಿಂದ ಗುಂಡೇಟು ತಿಂದು ಸತ್ತ. ಮರದ ಹಲಗೆಗಳಲ್ಲಿ ಎದ್ದ ಊರನ್ನು 1879ರ ಬೆಂಕಿ ಸುಟ್ಟು ಹಾಕಿತು. ಬೇಕರಿಯಲ್ಲಿ ಹತ್ತಿದ ಕಿಡಿ ಸಿಡಿಮದ್ದಿನ ದಾಸ್ತಾನಿಗೆ ತಗುಲಿ ಸುಮಾರು 300 ಕಟ್ಟಡಗಳು ಹೋದವು. ಆ ಬಳಿಕ ಊರಿನವರು ಇಟ್ಟಿಗೆ, ಕಲ್ಲುಗಳಿಂದ ಕಟ್ಟಿದರು. ನಾನು ಹಾಲು ಹುಡುಕಿ ನಡೆದ ಬೀದಿ ಆಗ ಆಕಾರ ಪಡೆದದ್ದು. 1961ರಲ್ಲಿ ಇಡೀ ಊರನ್ನೇ ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸಿದರು.

ಘೋಷಣೆಯಿಂದ ಚಾವಣಿ ಸೋರುವುದು ನಿಲ್ಲುವುದಿಲ್ಲ. ದೊಡ್ಡ ಹೆದ್ದಾರಿ ಬೆಟ್ಟದ ಆಚೆಯಿಂದ ಹಾದುಹೋಯಿತು. ಮಹಡಿ ಮೇಲಿನ ಕೋಣೆಗಳು ಖಾಲಿ ಬಿದ್ದವು. 1987ರ ಡಿಸೆಂಬರ್‌ನಲ್ಲಿ ಪೇಟೆ ನಡುವಿನ ಸಿಂಡಿಕೇಟ್ ಎಂಬ ಹಳೆಯ ಕಟ್ಟಡ ಬೆಂಕಿಗೆ ಸಿಕ್ಕಿತು. ಹಳೆಯ ನೀರಿನ ಕೊಳವೆಗಳನ್ನು ಬದಲಿಸಲೂ ಗತಿಯಿಲ್ಲದ ಊರು ಅದು. ಇನ್ನೊಂದು ಬೆಂಕಿ ಬಿದ್ದರೆ ಬೀದಿಯೇ ಉಳಿಯದು ಎಂಬ ಭಯ ಎಲ್ಲರನ್ನೂ ಹಿಡಿಯಿತು. ಆ ಭಯ ಸುಳ್ಳಲ್ಲ. ಮುಂದಿನದೆಲ್ಲವನ್ನೂ ಅಳೆಯುವಾಗ ಇದನ್ನು ಮರೆಯಬಾರದು.

‘ಡೆಡ್‌ವುಡ್ ಯು ಬೆಟ್’ ಎಂಬ ಸಮಿತಿ ಕಟ್ಟಿಕೊಂಡ ಊರಿನವರು ರಾಜ್ಯದ ಮತದಾರರ ಮುಂದೆ ಹೋದರು. ನಮ್ಮೂರಿನಲ್ಲಿ ಜೂಜಿಗೆ ಅನುಮತಿ ಕೊಡಿ, ಅದರ ತೆರಿಗೆಯಿಂದ ಹಳೆಯ ಕಟ್ಟಡಗಳನ್ನು ಉಳಿಸಿಕೊಳ್ಳುತ್ತೇವೆ ಎಂದರು. 1988ರ ನವೆಂಬರ್‌ನಲ್ಲಿ ರಾಜ್ಯ ಒಪ್ಪಿತು. ಸುಮಾರು ಒಂದು ವರ್ಷದ ಬಳಿಕ, 1989ರ ನವೆಂಬರ್ 1ರ ಮಧ್ಯಾಹ್ನ ಆಟ ಶುರುವಾಯಿತು. ಬುಡಕಟ್ಟು ಪ್ರದೇಶಗಳನ್ನು ಬಿಟ್ಟರೆ ನೆವಾಡಾ ಮತ್ತು ಅಟ್ಲಾಂಟಿಕ್ ಸಿಟಿಯ ಬಳಿಕ ಅಮೆರಿಕದಲ್ಲಿ ಕ್ಯಾಸಿನೊ ಜೂಜಿಗೆ ಅನುಮತಿ ಸಿಕ್ಕ ಮೂರನೆಯ ಜಾಗ ಇದು.

ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದ ಚಿತ್ರ ಮುಗ್ಧವಾಗಿತ್ತು. ಒಂದು ಪಣಕ್ಕೆ ಐದು ಡಾಲರ್ ಮಿತಿ. ಒಂದು ಕಟ್ಟಡಕ್ಕೆ 30 ಜೂಜಿನ ಯಂತ್ರಗಳ ಮಿತಿ. ಬಟ್ಟೆ ಅಂಗಡಿಯವರು ಮೂಲೆಯಲ್ಲಿ ನಾಲ್ಕು ಯಂತ್ರ ಇಟ್ಟುಕೊಳ್ಳುತ್ತಾರೆ, ಔಷಧಿ ಅಂಗಡಿಯವರು ಎರಡು. ಬಂದ ಕಾಸಿನಿಂದ ಮುರಿದ ಕಿಟಕಿ ಸರಿಹೋಗುತ್ತದೆ, ಅಂಗಡಿ ಅಂಗಡಿಯಾಗಿಯೇ ಉಳಿಯುತ್ತದೆ. ಆದರೆ ಜಾಗದ ಲೆಕ್ಕ ಹಾಗೆ ನಡೆಯುವುದಿಲ್ಲ. ಚಪ್ಪಲಿ ಜೋಡಿಸಿಟ್ಟ ಕಪಾಟು ತಿಂಗಳಿಗೆ ದುಡಿಯುವುದನ್ನು ಅದೇ ಜಾಗದಲ್ಲಿ ನಿಂತ ಯಂತ್ರ ಕೆಲವೇ ದಿನಗಳಲ್ಲಿ ದುಡಿಯುತ್ತದೆ ಎಂದಾದರೆ, ಚಪ್ಪಲಿ ಮಾರುವವನು ತನ್ನ ಅಂಗಡಿಯಲ್ಲಿ ತಾನೇ ನಷ್ಟದ ಬಾಡಿಗೆದಾರನಾಗುತ್ತಾನೆ. ಕಟ್ಟಡದ ಬೆಲೆ ಏರುತ್ತದೆ. ಬೆಲೆ ಏರಿದ ಮೇಲೆ ಆಸ್ತಿ ತೆರಿಗೆಯೂ ಏರುತ್ತದೆ. ಮಾರುವುದಿಲ್ಲ ಎಂದು ಹಟ ಹಿಡಿದವನಿಗೂ ಕೊನೆಗೆ ಮಾರದೆ ವಿಧಿಯಿಲ್ಲ. ಕೆಲವೇ ವರ್ಷಗಳಲ್ಲಿ ಅಷ್ಟು ಚಿಕ್ಕ ಊರಿನಲ್ಲಿ ಎಂಬತ್ತರ ಆಸುಪಾಸು ಜೂಜಿನ ಮನೆಗಳು ಎದ್ದವು. ಅಂಗಡಿಯ ಮೂಲೆಗೆಂದು ಬಂದ ಯಂತ್ರ ಅಂಗಡಿಯನ್ನೇ ಆಚೆ ನೂಕಿತು. ಐದು ಡಾಲರಿನ ಮಿತಿ 2000ದಲ್ಲಿ ನೂರಾಯಿತು, 2012ರಲ್ಲಿ ಸಾವಿರವಾಯಿತು.

ಹಾಗೆಂದು ಬಂದ ಹಣವನ್ನು ಪೋಲು ಮಾಡಿದರು ಎನ್ನಲಾಗದು. ಅದನ್ನು ಖರ್ಚು ಮಾಡಿದ ರೀತಿ ನೋಡಿದರೆ ಕೈಮುಗಿಯಬೇಕು ಅನಿಸುತ್ತದೆ. ಮೊದಲು ನೀರಿನ ಕೊಳವೆ, ಬಳಿಕ ರಸ್ತೆ. ಡಾಂಬರು ಕಿತ್ತು ಇಟ್ಟಿಗೆ ಹಾಸಿದರು. 1897ರ ರೈಲು ನಿಲ್ದಾಣವನ್ನು ಮಾಹಿತಿ ಕೇಂದ್ರ ಮಾಡಿದರು. ಗುಡ್ಡದ ಮೇಲಿನ ಮೌಂಟ್ ಮೊರಾಯಾ ಸ್ಮಶಾನದ ಕುಸಿದ ಗೋರಿಗಳನ್ನು ಎತ್ತಿ ನಿಲ್ಲಿಸಿದರು. ಮನೆ ರಿಪೇರಿಗೆ ಸಾಲ, ಹಳೆಯ ಮರದ ಕಿಟಕಿಗೆ ನೆರವು. ರಾಜ್ಯದ ಬೇರೆ ಊರುಗಳ ಹಳೆಯ ಕಟ್ಟಡಗಳಿಗೂ ಇಲ್ಲಿಂದಲೇ ಅನುದಾನ ಹೋಗುತ್ತದೆ.

ನನ್ನ ಕಣ್ಣು ನೆಟ್ಟಿದ್ದು ತಡೆಗೋಡೆಗಳ ಮೇಲೆ. ಕಣಿವೆಯ ಊರಾದ್ದರಿಂದ ಮನೆಗಳು ಇಳಿಜಾರಿನಲ್ಲಿ ಮೆಟ್ಟಿಲು ಜೋಡಿಸಿದ ಹಾಗಿವೆ. ಒಬ್ಬರ ಅಂಗಳ ಇನ್ನೊಬ್ಬರ ಚಾವಣಿಯ ಮಟ್ಟಕ್ಕಿದೆ. ನಡುವೆ ಮಣ್ಣು ಹಿಡಿದು ನಿಂತಿರುವುದು ಹಳಬರು ಕಟ್ಟಿದ ಕಲ್ಲಿನ ಗೋಡೆಗಳು. ಒಂದು ಗೋಡೆ ಉಬ್ಬಿ ಕುಸಿದರೆ ಮೇಲಿನ ಮನೆಯೂ ಹೋಯಿತು, ಕೆಳಗಿನ ಮನೆಯೂ ಹೋಯಿತು. ಗೋಡೆ ಯಾರ ಹೆಸರಿನಲ್ಲಿದೆಯೋ ಅವರಿಗೆ ಅದನ್ನು ಹೊಸದಾಗಿ ಕಟ್ಟಿಸುವ ತ್ರಾಣ ಇರುವುದಿಲ್ಲ. ಆದ್ದರಿಂದ ನಗರಾಡಳಿತ ತಡೆಗೋಡೆಗಳಿಗೆಂದೇ ಪ್ರತ್ಯೇಕ ಯೋಜನೆ ಮಾಡಿತು. ಪ್ರವಾಸಿಗರು ಇದರ ಫೋಟೊ ತೆಗೆಯುವುದಿಲ್ಲ, ಟೀವಿಯಲ್ಲಿ ಇದು ಬರುವುದಿಲ್ಲ. ಬೆಟ್ಟದ ಊರನ್ನು ಉಳಿಸುವುದೆಂದರೆ ಮುಕ್ಕಾಲು ಪಾಲು ಇದೇ ಕೆಲಸ: ಮಣ್ಣನ್ನು ಅದರ ಜಾಗದಲ್ಲಿ ಹಿಡಿದಿಡುವುದು, ನೀರಿಗೆ ಹರಿದುಹೋಗಲು ದಾರಿ ಬಿಡುವುದು. ಮುಂಬಾಗಿಲಿಗೆ ಬಣ್ಣ ಬಳಿಯುವುದು ಆಮೇಲಿನ ಮಾತು.

ಇಷ್ಟೆಲ್ಲ ಆದಮೇಲೂ ಒಂದು ಅಂಕಿ ನನ್ನನ್ನು ಬಿಡುತ್ತಿಲ್ಲ. 1980ರ ಜನಗಣತಿಯಲ್ಲಿ ಈ ಊರಿನಲ್ಲಿ 2,035 ಜನರಿದ್ದರು. ಊರು ಬಡವಾಗಿತ್ತು, ಚಾವಣಿಗಳು ಸೋರುತ್ತಿದ್ದವು. 2020ರಲ್ಲಿ ಇದ್ದವರು 1,156. ಚಾವಣಿಗಳು ಈಗ ಸೋರುವುದಿಲ್ಲ. ಅವುಗಳ ಕೆಳಗೆ ವಾಸಿಸುವವರು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದಾರೆ. ಗಣಿ ಮುಚ್ಚಿದ್ದೂ ಇದಕ್ಕೆ ಕಾರಣವೇ. ಆದರೂ ಪೇಟೆ ಎಂದರೆ ನಾನು ತಿಳಿದಂತೆ ಊರಿನವರ ನೂರು ಸಣ್ಣ ಕೆಲಸಗಳ ಗಂಟು. ಔಷಧಿ ತರಲು ಹೋದವರು ದರ್ಜಿಯನ್ನು ಮಾತಾಡಿಸುತ್ತಾರೆ, ದರ್ಜಿಯ ಬಳಿ ಯಾರದೋ ಮದುವೆಯ ಸುದ್ದಿ ಸಿಗುತ್ತದೆ. ಆ ಕೆಲಸಗಳು ಒಂದೊಂದಾಗಿ ಬೇರೆ ಊರಿಗೆ ಹೋದಾಗ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಕಟ್ಟಡಗಳಿಗೆ ಯಾರೂ ಕೋಟಿ ಸುರಿದಿಲ್ಲ. ಹಾಗಿದ್ದೂ ಬೆಳಿಗ್ಗೆ ಅಲ್ಲಿ ಸೊಪ್ಪು ಸಿಗುತ್ತದೆ, ಹಾಲು ಸಿಗುತ್ತದೆ, ಬೈಗುಳವೂ ಸಿಗುತ್ತದೆ.

ಉಳಿಸುವುದು ಯಾರ ಇತಿಹಾಸವನ್ನು ಎಂಬ ಪ್ರಶ್ನೆಯೂ ಇದೆ. ಡೆಡ್‌ವುಡ್‌ನಲ್ಲಿ ಒಂದು ಚೈನಾಟೌನ್ ಇತ್ತು. ಚಿನ್ನ ಅರಸಿ ಬಂದವರ ಬಟ್ಟೆ ಒಗೆದು, ಊಟ ಹಾಕಿ, ಮದ್ದು ಕೊಟ್ಟ ಚೀನೀಯರ ಬೀದಿ. ಅಲ್ಲಿನ ವ್ಯಾಪಾರಿ ಫೀ ಲೀ ವಾಂಗ್ ಅವರ ವಿಂಗ್ ಸ್ಯೂ ಅಂಗಡಿಯ ಕಟ್ಟಡ ಇಪ್ಪತ್ತೊಂದನೆಯ ಶತಮಾನದವರೆಗೂ ಉಳಿದಿತ್ತು. ಹಳೆಯದನ್ನು ಕಾಪಾಡಲೆಂದೇ ಕೋಟಿಗಟ್ಟಲೆ ಹಣ ಬರುತ್ತಿದ್ದ ಊರಿನಲ್ಲಿ ಅದು 2005ರಲ್ಲಿ ನೆಲಸಮವಾಯಿತು. ಇನ್ನೂ ಹಿಂದೆ ಹೋದರೆ, ಅಮೆರಿಕ ಸರ್ಕಾರ ಮಾಡಿಕೊಂಡ 1868ರ ಒಪ್ಪಂದದ ಪ್ರಕಾರ ಈ ಬೆಟ್ಟಗಳೆಲ್ಲ ಮೂಲನಿವಾಸಿಗಳಾದ ಲಕೋಟಾ ಜನರವು. ಡೆಡ್‌ವುಡ್ ಎದ್ದದ್ದೇ ಆ ಒಪ್ಪಂದ ಮುರಿದು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿ ಹತ್ತು ಕೋಟಿ ಡಾಲರಿಗೂ ಮೀರಿದ ಪರಿಹಾರವನ್ನು ಎತ್ತಿಹಿಡಿಯಿತು. ಲಕೋಟಾ ಜನ ಹಣ ಮುಟ್ಟಲಿಲ್ಲ. ಬೆಟ್ಟ ಕೊಡಿ ಎಂದರು, ಈಗಲೂ ಹಾಗೇ ಹೇಳುತ್ತಿದ್ದಾರೆ. ಬೇಸಿಗೆಯಲ್ಲಿ ಮೇನ್ ಸ್ಟ್ರೀಟಿನಲ್ಲಿ ಹಿಕಾಕ್‌ನ ಕೊಲೆಯನ್ನು ನಾಟಕವಾಗಿ ಆಡಿ ತೋರಿಸುತ್ತಾರೆ. ಆ ನಾಟಕ 1876ಕ್ಕಿಂತ ಹಿಂದೆ ಹೋಗುವುದಿಲ್ಲ.

ಡೆಡ್‌ವುಡ್‌ನ ಗೆಲುವು ಕಂಡು ಕೊಲೊರಾಡೊದ ಮೂರು ಹಳೆಯ ಗಣಿ ಊರುಗಳು 1991ರಲ್ಲಿ ಇದೇ ಹಾದಿ ಹಿಡಿದವು. ಅವುಗಳಲ್ಲಿ ಡೆನ್ವರ್ ಕಡೆಯಿಂದ ಬರುವವರಿಗೆ ಬ್ಲ್ಯಾಕ್ ಹಾಕ್ ಮೊದಲು ಸಿಗುತ್ತದೆ, ಸೆಂಟ್ರಲ್ ಸಿಟಿ ಒಂದು ಮೈಲಿ ಮುಂದೆ. ಆ ಒಂದು ಮೈಲಿಯಲ್ಲೇ ಸೆಂಟ್ರಲ್ ಸಿಟಿ ಸೋತಿತು. ಗಿರಾಕಿಗಳು ನೇರವಾಗಿ ತನ್ನಲ್ಲಿಗೇ ಬರಲೆಂದು 2004ರಲ್ಲಿ ಬೆಟ್ಟ ಕಡಿದು ತನ್ನದೇ ರಸ್ತೆ ಮಾಡಿಕೊಂಡಿತು.

ಜೂಜನ್ನು ನೆಚ್ಚದ ಇನ್ನೊಂದು ಹಾದಿಯೂ ಇದೆ. ಬ್ಲ್ಯಾಕ್ ಹಿಲ್ಸ್‌ನ ದಕ್ಷಿಣದ ಅಂಚಿನಲ್ಲಿ, ಡೆಡ್‌ವುಡ್‌ನಿಂದ ಸುಮಾರು ಎರಡು ಗಂಟೆಯ ದಾರಿಯಲ್ಲಿ ಹಾಟ್ ಸ್ಪ್ರಿಂಗ್ಸ್ ಇದೆ. ಬಿಸಿನೀರಿನ ಬುಗ್ಗೆಗಳ ಊರು. ನಸುಗೆಂಪು ಮರಳುಗಲ್ಲಿನ ಕಟ್ಟಡಗಳು ಹೊಳೆಯ ಬದಿಗೆ ಸಾಲಾಗಿ ನಿಂತಿವೆ. 1977ರಲ್ಲಿ ಅಮೆರಿಕದ ಐತಿಹಾಸಿಕ ಸಂರಕ್ಷಣೆಯ ರಾಷ್ಟ್ರೀಯ ಟ್ರಸ್ಟ್, ಮೇರಿ ಮೀನ್ಸ್ ಎಂಬಾಕೆಯ ಮುಂದಾಳತ್ವದಲ್ಲಿ, ಸಣ್ಣ ಊರುಗಳ ಪೇಟೆ ಉಳಿಸುವ ಪ್ರಯೋಗಕ್ಕೆ ಮೂರು ಊರುಗಳನ್ನು ಆರಿಸಿತು. ಇಲಿನಾಯ್‌ನ ಗೇಲ್ಸ್‌ಬರ್ಗ್, ಇಂಡಿಯಾನಾದ ಮ್ಯಾಡಿಸನ್, ಮೂರನೆಯದು ಈ ಹಾಟ್ ಸ್ಪ್ರಿಂಗ್ಸ್. ಪ್ರಯೋಗದ ಜೀವಾಳ ಹಣವಲ್ಲ, ಮನುಷ್ಯ. ಪೇಟೆಗೊಬ್ಬ ಸಂಬಳದ ಮೇಲ್ವಿಚಾರಕ. ಆತ ಅಂಗಡಿಯಿಂದ ಅಂಗಡಿಗೆ ನಡೆಯಬೇಕು. ಹಳೆಯ ಕಲ್ಲಿನ ಮುಖಕ್ಕೆ ಹೊಡೆದ ಲೋಹದ ತಗಡು ಕೀಳಿಸಬೇಕು, ಒಬ್ಬರ ಮುಖ ಒಬ್ಬರು ನೋಡದ ವ್ಯಾಪಾರಿಗಳನ್ನು ಒಂದೇ ಮೇಜಿಗೆ ಕೂರಿಸಬೇಕು, ಖಾಲಿ ಮಳಿಗೆಗೆ ಆ ಊರಿಗೆ ನಿಜವಾಗಿ ಬೇಕಾದ ವ್ಯಾಪಾರವನ್ನು ಹುಡುಕಿ ತರಬೇಕು. ಮೇನ್ ಸ್ಟ್ರೀಟ್ ಹೆಸರಿನ ಆ ಕಾರ್ಯಕ್ರಮ ಇಂದು ಅಮೆರಿಕದ ಉದ್ದಗಲಕ್ಕೂ ಹಬ್ಬಿದೆ. ಡೆಡ್‌ವುಡ್‌ನ ಥಳಕು ಹಾಟ್ ಸ್ಪ್ರಿಂಗ್ಸ್‌ಗಿಲ್ಲ. ಆದರೆ ಅಲ್ಲಿ ಈಗ ಮೂರು ಸಾವಿರಕ್ಕೂ ಮಿಕ್ಕಿ ಜನ ವಾಸವಾಗಿದ್ದಾರೆ. ನನ್ನನ್ನು ಕೇಳಿದರೆ ಆ ನಿಧಾನದ ಹಾದಿಯೇ ಮೇಲು. ಹೀಗೆ ಹೇಳುವಾಗ 1987ರ ಡೆಡ್‌ವುಡ್‌ಗೆ ನಿಧಾನಿಸುವಷ್ಟು ಸಮಯವಿತ್ತೇ ಎಂಬ ಅಳುಕು ನನ್ನಲ್ಲಿ ಉಳಿದೇ ಇದೆ.

ಡೆಡ್‌ವುಡ್‌ಗೂ ತನ್ನ ಪೇಟೆಯಲ್ಲಿ ಏನೋ ಕಳೆದಿದೆ ಎಂಬುದು ತಿಳಿದ ಹಾಗಿದೆ. 2019ರಲ್ಲಿ ಮೇನ್ ಸ್ಟ್ರೀಟಿನ ಮೇಲೆಯೇ ‘ಔಟ್‌ಲಾ ಸ್ಕ್ವೇರ್’ ಎಂಬ ಬಯಲು ಚೌಕ ತೆರೆದರು. ಬೇಸಿಗೆಯ ಸಂಜೆ ಸಂಗೀತ, ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಮಕ್ಕಳ ಜಾರಾಟ. ಒಳಗೆ ಬರಲು ಕಾಸು ಕೊಡಬೇಕಿಲ್ಲ, ಪಣ ಕಟ್ಟಬೇಕಿಲ್ಲ. ಹೊರಡುವ ಹಿಂದಿನ ಸಂಜೆ ಅಲ್ಲಿ ಕೂತಿದ್ದೆ. ಹಾಲಿನ ದಾರಿ ಹೇಳಿದ್ದ ಹೆಂಗಸು ಕೆಲಸ ಮುಗಿಸಿ ಮೊಮ್ಮಗನನ್ನು ಕರೆದುಕೊಂಡು ಬಂದು ಪಕ್ಕದಲ್ಲಿ ಕೂತರು. ನಾನು ಕೇಳದಿದ್ದರೂ ಎದುರಿನ ಸಾಲಿನತ್ತ ಬೆರಳು ತೋರಿಸಿ ಒಂದೊಂದೇ ಹೇಳತೊಡಗಿದರು: ಅದು ಬಟ್ಟೆ ಅಂಗಡಿ, ಅದರ ಪಕ್ಕದ್ದು ಔಷಧಿ ಅಂಗಡಿ, ಆ ಹಸಿರು ಬಾಗಿಲಿನದು ಮೊಳೆ, ಹಗ್ಗ ಮಾರುವವರದು, ಆ ಮೂಲೆಯಲ್ಲಿ ಅವರ ಅಮ್ಮ ಅವರಿಗೆ ಶಾಲೆಯ ಬೂಟು ಕೊಡಿಸಿದ್ದು. ಬೆರಳು ಹೋದಲ್ಲೆಲ್ಲ ದೀಪ ಮಿನುಗುವ ಯಂತ್ರಗಳಿದ್ದವು. ಹುಡುಗ ಅಜ್ಜಿಯ ಬೆರಳಿನ ಹಿಂದೆಯೇ ಕಣ್ಣು ಹಾಯಿಸುತ್ತಿದ್ದ. ಬೂಟಿನ ಅಂಗಡಿ ಯಾವುದು ಎಂದು ಇನ್ನೊಮ್ಮೆ ಕೇಳಿದ.