ನಿದ್ರೆಯ ಗುಳಿಗೆಯನ್ನು ಬಿಡುವ ಕ್ರಮ

ರೋಣ, ನರಗುಂದ, ಗಜೇಂದ್ರಗಡಗಳ ಕಡೆಯಿಂದ ಚಿಕಿತ್ಸೆಗೆ ಬರುವ ಹಿರಿಯರಲ್ಲಿ ಕೆಲವರು ಅಲ್ಪ್ರಾಜೋಲಾಮ್, ಕ್ಲೋನಾಜೆಪಾಮ್ ಗುಳಿಗೆಗಳನ್ನು ವರ್ಷಗಟ್ಟಲೆ ಸೇವಿಸುತ್ತಿರುತ್ತಾರೆ. "ಇಂದೇ ಬಿಟ್ಟು ನಿಮ್ಮ ಔಷಧಿ ಹಿಡಿಯುತ್ತೇವೆ" ಎನ್ನುವ ಅವರ ಉತ್ಸಾಹವೇ ನನಗೆ ಭಯ ತರುತ್ತದೆ. ಗುಳಿಗೆಗೆ ಒಗ್ಗಿದ ಮಿದುಳು ಅದು ತಟ್ಟನೆ ನಿಂತಾಗ ಕೆರಳುತ್ತದೆ. ನಿದ್ರಾನಾಶ, ನಡುಕ, ತಳಮಳ ಉಂಟಾಗಬಹುದು. ಕೆಲವರಿಗೆ ಪ್ರಾಣಾಂತಿಕವಾದ ಫಿಟ್ಸ್ ಬರಬಹುದು.

ರೂಢಿಯಾದ ಅಹಿತವನ್ನು ಕಾಲುಕಾಲು ಭಾಗವಾಗಿ ತ್ಯಜಿಸುವ ಪಾದಾಂಶಿಕ ಕ್ರಮವು ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿದೆ. ಈ ಗುಳಿಗೆಗಳಿಗೆ ಆ ಕಾಲುಭಾಗವೂ ಹೆಚ್ಚೇ. ಎರಡರಿಂದ ನಾಲ್ಕು ವಾರಗಳಿಗೊಮ್ಮೆ, ಆಗ ಸೇವಿಸುತ್ತಿರುವ ಪ್ರಮಾಣದಲ್ಲಿ ಶೇ. 5ರಿಂದ 10ರಷ್ಟು ಇಳಿಸಿ ಆರಂಭಿಸುವುದು ಇಂದಿನ ರೂಢಿ. ತೊಂದರೆ ಹೆಚ್ಚಿದರೆ ಮುಂದೆ ಇಳಿಸದೆ ಅಲ್ಲಿಯೇ ತಡೆಯಬೇಕು. ವರ್ಷ ಹಿಡಿದರೂ ಅವಸರ ಸಲ್ಲದು. ಈ ಯೋಜನೆಯನ್ನು ಗುಳಿಗೆ ಬರೆದ ವೈದ್ಯರೋ, ಧಾರವಾಡದ ಡಿಮ್ಹಾನ್ಸ್‌ನಂತಹ ಸಂಸ್ಥೆಯ ಮನೋವೈದ್ಯರೋ ಹಾಕಬೇಕು. ನಾನೂ ಅವರಲ್ಲಿಗೇ ಕಳುಹಿಸುತ್ತೇನೆ.

ಆಯುರ್ವೇದವನ್ನು ನಂಬಿದವರಿಗೆ ಒಂದು ಮಾತು. ಅಶ್ವಗಂಧಾರಿಷ್ಟ, ಸಾರಸ್ವತಾರಿಷ್ಟಗಳಲ್ಲಿ ತಾನಾಗಿ ಹುಟ್ಟಿದ ಮದ್ಯಾಂಶವಿರುತ್ತದೆ. ಅದು ಗುಳಿಗೆಯೊಡನೆ ಕೂಡಿದರೆ ಮಂಪರು ಹೆಚ್ಚೀತು, ಉಸಿರಾಟ ಕುಗ್ಗೀತು. ಆದುದರಿಂದ ಮುಚ್ಚಿಡದೆ ಆ ವೈದ್ಯರಿಗೂ ತಿಳಿಸಿರಿ. ಪಾದಾಭ್ಯಂಗಕ್ಕೆ, ಸಂಜೆಯ ಚಹಾ ಬಿಡುವುದಕ್ಕೆ ಅಡ್ಡಿಯಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು; ಫಿಟ್ಸ್ ಬಂದರೆ ಕೂಡಲೇ 108ಕ್ಕೆ ಕರೆ ಮಾಡಿರಿ.