ವೃದ್ಧರ ವ್ಯಾಯಾಮವೂ ವಿದ್ಯಾರ್ಥಿಸೇವೆಯೂ

ವಿದ್ಯಾರ್ಥಿಗಳು ಹಳ್ಳಿಗೆ ಹೋಗಿ ರಸ್ತೆ ಸರಿಪಡಿಸುವುದನ್ನೂ ಗಿಡ ನೆಡುವುದನ್ನೂ ನಾವು ಬಹುಕಾಲದಿಂದ ಕಂಡಿದ್ದೇವೆ. ಜಗಲಿಯ ಮೇಲೆ ಕುಳಿತು ಅದನ್ನು ನೋಡುವ ವೃದ್ಧರಿಗೆ ಅವರಿಂದ ಆಗಬಹುದಾದ ಉಪಕಾರವಾವುದು? ಇದನ್ನಿಲ್ಲಿ ಸಂಗ್ರಹವಾಗಿ ವಿವೇಚಿಸುವೆವು.

ಹೊಲಗದ್ದೆಗಳಲ್ಲಿ ದುಡಿದ ದೇಹಕ್ಕೆ ಬೇರೆ ವ್ಯಾಯಾಮವೇಕೆಂಬ ಆಕ್ಷೇಪ ಸಹಜವಾದುದು. ಆದರೆ ದುಡಿಮೆ ನಿಂತ ಬಳಿಕ ಅದರಿಂದ ಬಂದ ಬಲವೂ ಬಹುಕಾಲ ನಿಲ್ಲದು. ತೊಡೆಯ ಸ್ನಾಯುಗಳು ಕೃಶವಾಗುತ್ತವೆ. ಎಡವಿದಾಗ ಸಾವರಿಸಿಕೊಳ್ಳುವ ಚುರುಕು ಕುಂದುತ್ತದೆ. ಒಮ್ಮೆ ಬಿದ್ದವರು ಭಯದಿಂದ ನಡೆಯುವುದನ್ನು ಕಡಮೆ ಮಾಡುವರು. ನಡೆಯದುದರಿಂದ ಕಾಲು ಇನ್ನಷ್ಟು ಸೋಲುವುದು. ಸೊಂಟದ ಮೂಳೆ ಮುರಿದರಂತೂ ಸ್ವತಂತ್ರರಾಗಿದ್ದವರು ಪರಾಧೀನರಾಗುವರು.

ಇದಕ್ಕೆ ಪರಿಹಾರವುಂಟು. 108 ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯ ಪ್ರಕಾರ, ವ್ಯಾಯಾಮದಿಂದ ವೃದ್ಧರ ಬೀಳುವಿಕೆಯ ಪ್ರಮಾಣ ಸುಮಾರು ಶೇಕಡ 23ರಷ್ಟು ತಗ್ಗುತ್ತದೆ. ಸಮತೋಲ ಮತ್ತು ಸ್ನಾಯುಬಲಗಳ ಅಭ್ಯಾಸವನ್ನು ವಾರಕ್ಕೆ ಮೂರು ದಿನಗಳಾದರೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿತು.

ರಾಷ್ಟ್ರೀಯ ಸೇವಾ ಯೋಜನೆಯನ್ನು ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ. ಕೆ. ಆರ್. ವಿ. ರಾವ್ ಅವರು 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭಿಸಿದರು. ಅದರ ವಿಶೇಷ ಶಿಬಿರದ ಅವಧಿ ಏಳು ದಿನ. ಏಳು ದಿನಗಳಲ್ಲಿ ಸ್ನಾಯು ಬಲಿಯದು. ಶಿಬಿರ ಎದ್ದುಹೋದೊಡನೆ ಅಭ್ಯಾಸವೂ ಎದ್ದುಹೋದರೆ ವೃದ್ಧರಿಗೆ ಉಳಿಯುವುದು ನಿರಾಶೆ ಮಾತ್ರ. ಆದರೆ ಶಿಬಿರದ ಹೊರತಾಗಿ ಸ್ವಯಂಸೇವಕನೊಬ್ಬನು ವರ್ಷಕ್ಕೆ 120 ಗಂಟೆಗಳ ಸೇವೆ ಸಲ್ಲಿಸಬೇಕಾಗಿದೆ. ವಾರಕ್ಕೆ ಮೂರು ಗಂಟೆಗಳಂತೆ ಇದು 40 ವಾರಗಳ ಕಾಲ. ಇತರ ಕಾರ್ಯಗಳಿಗೂ ಈ ವೇಳೆಯೇ ಸಲ್ಲಬೇಕಾದುದರಿಂದ, ಕೆಲವರು ಸರದಿಯಂತೆ ಹೋದರೆ ವರ್ಷಪೂರ್ತಿ ಸಾಗಿಸಬಹುದು.

ನಂಜನಗೂಡು ತಾಲ್ಲೂಕಿನ ದೇವನೂರಿನಂತಹ ಗ್ರಾಮವನ್ನು ನೆನೆಯೋಣ. ನಂಜನಗೂಡು, ತಿರುಮಕೂಡಲು ನರಸೀಪುರಗಳಲ್ಲಿಯೇ ಕಾಲೇಜುಗಳಿವೆ. ಉಪಕರಣಗಳೂ ಬೇಡ: ಜಗಲಿಯಿಂದ ಕೈಯೂರದೆ ಏಳುವುದು, ಕಂಬ ಹಿಡಿದು ಹಿಮ್ಮಡಿ ಎತ್ತುವುದು, ಗೋಡೆಯ ಪಕ್ಕದಲ್ಲಿ ಅಡಿಗೆ ಅಡಿ ಸೇರಿಸಿ ನಡೆಯುವುದು. ವಿದ್ಯಾರ್ಥಿ ಪಕ್ಕದಲ್ಲಿ ನಿಲ್ಲಬೇಕು. ಎದೆನೋವು, ತಲೆಸುತ್ತು ಉಳ್ಳವರನ್ನು ಮೊದಲು ವೈದ್ಯರಲ್ಲಿಗೆ ಕಳುಹಿಸಬೇಕು. ಊರಿನವರಲ್ಲೇ ಇಬ್ಬರು ಮೂವರು ಕಲಿತು ನಡೆಸುವಂತಾಗಬೇಕು.

ಸೇವೆಯ ಫಲವನ್ನು ಹಾಜರಿ ಪುಸ್ತಕದಿಂದ ಅಳೆಯುವುದು ಸುಲಭ. ವಿದ್ಯಾರ್ಥಿಗಳಿಲ್ಲದ ರಜೆಯ ದಿನಗಳಲ್ಲಿಯೂ ಅಜ್ಜಿಯೊಬ್ಬಳು ಜಗಲಿಯಿಂದ ತಾನಾಗಿ ಎದ್ದು ನಿಂತರೆ, ಅದೇ ನಿಜವಾದ ಅಳತೆಯೆಂದು ನಾವು ಭಾವಿಸುತ್ತೇವೆ.