ಮನೆಯ ತೂಬುಗಳ ಲೆಕ್ಕ

ಕೃಷ್ಣರಾಜನಗರದ ಕಡೆ ನಾಲೆಯ ನೀರಿನಿಂದ ಭತ್ತ ಬೆಳೆಯುವವರಿಗೆ ನೀರುಗಂಟಿಯ ಕೆಲಸವೇನೆಂದು ವಿವರಿಸಬೇಕಾಗಿಲ್ಲ. ಯಾವ ತೂಬು ತೆರೆದಿರಬೇಕು, ಅದರ ನೀರು ಯಾರ ಗದ್ದೆಗೆ ಹೋಗಬೇಕು, ಯಾವುದು ಮುಚ್ಚಿರಬೇಕು ಎಂಬುದನ್ನು ನೋಡಿಕೊಳ್ಳುವವನು ಅವನು. ಅಂತರ್ಜಾಲವನ್ನು ಹಾಕಿಸಿಕೊಂಡ ಮನೆಗಳಲ್ಲಿಯೂ ಇಂದು ಅಂತಹ ಒಬ್ಬ ನೀರುಗಂಟಿ ಇದ್ದಾನೆ. ಗೋಡೆಯ ಮೇಲೆ ಮಿಣಮಿಣನೆ ಬೆಳಗುವ ರೌಟರ್ ಎಂಬ ಪೆಟ್ಟಿಗೆಯೇ ಅವನು. ಕರೆಯದೆ ಹೊರಗಿನಿಂದ ಬರುವ ಸಂದೇಶಗಳನ್ನು ಒಳಗೆ ಬಿಡದಿರುವುದು ಅದರಲ್ಲಿರುವ ಫೈರ್‌ವಾಲಿನ ಧರ್ಮ.

ಆದರೆ ಬೇಕೆಂದೇ ಒಂದು ತೂಬನ್ನು ತೆರೆಯಬೇಕಾದ ಸಂದರ್ಭಗಳುಂಟು. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಬಳಿಯೋ, ಹೆಗ್ಗಡದೇವನಕೋಟೆಯ ತೋಟದ ಮನೆಯಲ್ಲಿಯೋ ಕ್ಯಾಮರಾ ಇರಿಸಿ, ಅದರ ಚಿತ್ರವನ್ನು ಮೈಸೂರಿನಲ್ಲಿ ಕುಳಿತು ನೋಡಬಯಸುವವರಿಗೆ ಇದು ಬೇಕಾಗಬಹುದು. ‘ಹೊರಗಿನ 8000ನೆಯ ಸಂಖ್ಯೆಗೆ ಬಂದುದನ್ನು 192.168.1.20 ಎಂಬ ಒಳವಿಳಾಸದ ರೆಕಾರ್ಡರಿಗೆ ಮುಟ್ಟಿಸು’ ಎಂದು ರೌಟರಿಗೆ ಕೊಡುವ ಇಂತಹ ಅಪ್ಪಣೆಗೆ ಪೋರ್ಟ್ ಫಾರ್ವರ್ಡಿಂಗ್ ಎಂದು ಹೆಸರು. ಪೋರ್ಟ್ ಎಂದರೆ ತೂಬಿನ ಸಂಖ್ಯೆ. ಅದು 65,535ರವರೆಗೆ ಇರಬಹುದು.

ಈ ಅಪ್ಪಣೆಗಳ ಪಟ್ಟಿಯನ್ನು ನೋಡುವುದು ಕಷ್ಟವಲ್ಲ. ರೌಟರಿನ ಹಿಂಬದಿಯಲ್ಲಿ ಅಚ್ಚಾಗಿರುವ ವಿಳಾಸವನ್ನು—ಬಹುಮಟ್ಟಿಗೆ 192.168.1.1 ಅಥವಾ 192.168.0.1—ಬ್ರೌಸರಿನಲ್ಲಿ ಬರೆದು, ಗುಪ್ತಪದ ಕೊಟ್ಟು ಒಳಹೊಕ್ಕರೆ ‘ಪೋರ್ಟ್ ಫಾರ್ವರ್ಡಿಂಗ್’, ‘ವರ್ಚುಯಲ್ ಸರ್ವರ್’ ಅಥವಾ ‘ನ್ಯಾಟ್’ ಎಂಬ ಪುಟ ಸಿಗುತ್ತದೆ. ಹೊರಗಿನ ಪೋರ್ಟು, ಒಳಗಿನ ವಿಳಾಸ, ಒಳಗಿನ ಪೋರ್ಟು, ಟಿಸಿಪಿ ಅಥವಾ ಯುಡಿಪಿ ಎಂಬ ಸಾಗಣೆಯ ಬಗೆ, ನಿಯಮವು ಜಾರಿಯಲ್ಲಿದೆಯೇ ಇಲ್ಲವೇ—ಪ್ರತಿ ಸಾಲಿನಲ್ಲಿಯೂ ಈ ಐದನ್ನು ಓದಿಕೊಳ್ಳತಕ್ಕದ್ದು.

ನಿಯಮವಿದ್ದೂ ಚಿತ್ರ ಬಾರದಿದ್ದರೆ ಏನು ಮಾಡಬೇಕು? ಗದ್ದೆಗೆ ನೀರು ಬಾರದಾಗ ತಿಳಿದ ರೈತನು ಗದ್ದೆಯಿಂದ ಹೊರಟು ಕಾಲುವೆಯ ಗುಂಟ ಮೇಲಕ್ಕೆ ನಡೆಯುತ್ತಾನೆ. ಇಲ್ಲಿಯೂ ಅದೇ ಕ್ರಮ ಯುಕ್ತವಾದುದು. ಮೊದಲು, ಮನೆಯೊಳಗಿನಿಂದಲೇ ರೆಕಾರ್ಡರು ತನ್ನ ಒಳವಿಳಾಸದಲ್ಲಿ ಉತ್ತರ ಕೊಡುತ್ತದೆಯೇ ನೋಡಬೇಕು. ಎರಡನೆಯದಾಗಿ, ಆ ವಿಳಾಸವೇ ಬದಲಾಗಿರಬಹುದು. ವಿದ್ಯುತ್ತು ಹೋಗಿ ಬಂದಾಗ ರೌಟರು ಒಳವಿಳಾಸಗಳನ್ನು ಹೊಸದಾಗಿ ಹಂಚುವುದುಂಟು. ನಿನ್ನೆ ರೆಕಾರ್ಡರಿಗಿದ್ದ ಸಂಖ್ಯೆ ಇಂದು ಟೆಲಿವಿಷನ್ನಿಗೆ ಹೋಗಿದ್ದರೆ, ತೂಬು ತೆರೆದಿದ್ದರೂ ನೀರು ಬೇರೆಯವರ ಗದ್ದೆಗೆ ಹರಿದಂತೆಯೇ ಸರಿ. ರೆಕಾರ್ಡರಿಗೆ ಒಂದೇ ವಿಳಾಸವನ್ನು ಕಾದಿರಿಸುವುದು ಇದಕ್ಕೆ ಪರಿಹಾರ. ಮೂರನೆಯದಾಗಿ, ಒಂದೇ ಹೊರಪೋರ್ಟಿಗೆ ಎರಡು ನಿಯಮಗಳಿವೆಯೇ ಎಂದು ಪರಿಶೀಲಿಸಬೇಕು. ಕೊನೆಯ ಪರೀಕ್ಷೆಯನ್ನು ಮನೆಯ ವೈಫೈಯಿಂದ ಮಾಡದೆ ಮೊಬೈಲ್ ಡೇಟಾದಿಂದ ಮಾಡತಕ್ಕದ್ದು. ಒಳಗಿನಿಂದ ಹೊರಟು ಒಳಕ್ಕೇ ಮರಳುವ ಸಂದೇಶವನ್ನು ತಿರುಗಿಸುವ ಶಕ್ತಿ ಕೆಲವು ರೌಟರುಗಳಿಗಿಲ್ಲ.

ಇಷ್ಟೆಲ್ಲ ಸರಿಯಿದ್ದೂ ಫಲ ದೊರೆಯದಿದ್ದರೆ ದೋಷವು ನಾಲೆಯ ಮೇಲ್ದಂಡೆಯಲ್ಲಿದೆ ಎಂದು ತಿಳಿಯಬೇಕು. ಅಂತರ್ಜಾಲದ ಹಳೆಯ ಪದ್ಧತಿಯ ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ. ಜಗತ್ತಿನ ಕೇಂದ್ರ ಕಣಜದಲ್ಲಿ ಉಳಿದಿದ್ದ ಕೊನೆಯ ಪಾಲು 2011ರ ಫೆಬ್ರವರಿಯಲ್ಲಿ ಹಂಚಿಹೋಯಿತು. ಈ ಕೊರತೆಯಿಂದಾಗಿ ಅನೇಕ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಸೇರಿಸಿ ಕೊಡುತ್ತವೆ. ರೌಟರಿನ ಪುಟದಲ್ಲಿ ಕಾಣುವ ಹೊರವಿಳಾಸವು 10ರಿಂದಲೋ, 100.64ರಿಂದ 100.127ರ ನಡುವಣ ಅಂಕಿಗಳಿಂದಲೋ ಆರಂಭವಾಗಿದ್ದರೆ ಮೇಲೆ ಇನ್ನೊಬ್ಬ ನೀರುಗಂಟಿ ಇದ್ದಾನೆಂದು ಅರ್ಥ. ಅವನ ತೂಬಿನ ಕೀಲಿ ನಮ್ಮ ಕೈಯಲ್ಲಿಲ್ಲ. ಹಣ ಕೊಟ್ಟು ಸಾರ್ವಜನಿಕ ವಿಳಾಸವನ್ನು ಕೇಳುವುದು, ಇಲ್ಲವೆ ಬೇರೆ ಮಾರ್ಗ ಹಿಡಿಯುವುದು, ಇವೆರಡೇ ಉಳಿಯುವ ಉಪಾಯಗಳು.

ಚಿತ್ರ ಬಂದೊಡನೆ ಕೆಲಸ ಮುಗಿಯಿತೆಂದು ಭಾವಿಸಕೂಡದು. ನಮಗೆಂದು ತೆರೆದ ತೂಬು ಹೊರಗಿನವರೆಲ್ಲರಿಗೂ ತೆರೆದಿರುತ್ತದೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು, ಕಾರ್ಖಾನೆಯವರು ಇಟ್ಟ ಗುಪ್ತಪದವನ್ನು ಬದಲಿಸದೆ ಬಿಟ್ಟಿದ್ದ ಕ್ಯಾಮರಾ, ರೆಕಾರ್ಡರು, ರೌಟರುಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅಂತಹ ಉಪಕರಣಗಳಿಂದ ಅಮೆರಿಕದ ಡೈನ್ ಕಂಪನಿಯ ಮೇಲೆ ನಡೆದ ದಾಳಿಯಲ್ಲಿ ಟ್ವಿಟರ್ ಮೊದಲಾದ ತಾಣಗಳು ಅಸಂಖ್ಯ ಜನರಿಗೆ ಗಂಟೆಗಟ್ಟಲೆ ದೊರೆಯದೆ ಹೋದವು. ಮನೆಯ ಅಂಗಳವನ್ನು ಕಾಯಲೆಂದು ಇಟ್ಟ ಕಣ್ಣು ಪರರ ಕಣ್ಣಾಗುವುದಕ್ಕೆ ಬದಲಾಯಿಸದ ಒಂದು ಗುಪ್ತಪದ ಸಾಕು.

ಆದುದರಿಂದ ಆ ಪಟ್ಟಿಯನ್ನು ತಿಂಗಳಿಗೊಮ್ಮೆಯಾದರೂ ತೆರೆದು ನೋಡುವುದು ಒಳ್ಳೆಯದು. ಯಾರಿಗಾಗಿ ತೆರೆದುದೆಂದು ಮನೆಯವರಲ್ಲಿ ಯಾರೂ ಹೇಳಲಾರದ ಸಾಲನ್ನು ನಿಲ್ಲಿಸಿಬಿಡಬೇಕು. ಕೆಲವು ಉಪಕರಣಗಳು ಯುಪಿಎನ್‌ಪಿ ಎಂಬ ಸೌಕರ್ಯದ ಮೂಲಕ, ಮನೆಯವರನ್ನು ಕೇಳದೆ, ತಾವೇ ತೂಬು ತೆರೆಸಿಕೊಳ್ಳುತ್ತವೆ. ಬೇಡವಾದರೆ ಅದನ್ನೂ ನಿಲ್ಲಿಸಬಹುದು. ಅನುಕೂಲವಿದ್ದವರಿಗೆ, ಗುಪ್ತಪದ ಮತ್ತು ಕೀಲಿಯಿಂದ ಭದ್ರವಾದ ವಿಪಿಎನ್ ಮಾರ್ಗವು ತೆರೆದ ತೂಬಿಗಿಂತ ಎಷ್ಟೋ ಕ್ಷೇಮಕರ. ಗದ್ದೆಗೆ ನೀರು ಹಾಯಿಸಿದ ಮೇಲೆ ತೂಬು ಮುಚ್ಚದೆ ಮನೆಗೆ ಹೋಗುವ ನೀರುಗಂಟಿಯನ್ನು ಊರಿನವರು ಸುಮ್ಮನೆ ಬಿಡುವುದಿಲ್ಲ. ನಮ್ಮ ಮನೆಯ ಪೆಟ್ಟಿಗೆಯನ್ನು ಕೇಳುವವರು ನಾವಲ್ಲದೆ ಬೇರಾರೂ ಇಲ್ಲ.